ಸ್ಟೆಂಟ್ ಹಾಕಿದ ಮೇಲೂ ಹೋಗದ ಹೆದರಿಕೆ

ಮುಂಬೈಯಲ್ಲಿ ಇಂಥವರು ಆಪ್ತಸಮಾಲೋಚನೆಗೆಂದು ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಒಬ್ಬರು ಉಡುಪಿ ಕಡೆಯವರು. ವಯಸ್ಸು ಐವತ್ತು ದಾಟಿದೆ. ಮನೆ ಡೊಂಬಿವಲಿ, ಕೆಲಸ ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ. ಹೃದಯಾಘಾತವಾಗಿ ಸ್ಟೆಂಟ್ (ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿಸಿಕೊಂಡು ಮೂರು ತಿಂಗಳಾಗಿತ್ತು. ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರೇ ಹೇಳಿದ್ದರು. ಆದರೆ ಸ್ಟೇಷನ್ನಿನ ಸೇತುವೆ ಹತ್ತಲು ಹೆದರಿ ಮನೆಯಲ್ಲೇ ಕೂತಿದ್ದರು.

ಎರಡನೇ ಸಲ ಹೆಂಡತಿಯೂ ಜೊತೆಗೆ ಬಂದರು. ಮಾತೆಲ್ಲ ಅವರದೇ. ನೀರಿನ ಬಕೆಟ್ ಎತ್ತಲೂ ಬಿಡುವುದಿಲ್ಲ, ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ ಅಂತ. ಗಂಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಿಕೊಳ್ಳುತ್ತಲೇ ಇದ್ದರು.

"ರಾತ್ರಿ ನಿದ್ದೆ ಹೇಗೆ?" ಎಂದೆ.

"ಚೆನ್ನಾಗಿ ಮಲಗ್ತಾರೆ" ಎಂದರು ಹೆಂಡತಿ.

ಗಂಡ ತಲೆ ಎತ್ತದೆ ಹೇಳಿದರು: "ಇವಳು ರಾತ್ರಿ ನನ್ನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡ್ತಾಳೆ. ಇವಳಿಗೆ ಗಾಬರಿ ಆಗ್ಬಾರ್ದು ಅಂತ ನಾನು ಕಣ್ಣು ಮುಚ್ಚಿ ಸುಮ್ನೆ ಬಿದ್ದಿರ್ತೇನೆ."

"ನಿಮಗೆ ಎಚ್ಚರ ಇರ್ತಿತ್ತಾ?" ಎಂದು ಕೇಳಿ ಆಕೆ ಅತ್ತುಬಿಟ್ಟರು. ಒಂದೇ ಹಾಸಿಗೆಯಲ್ಲಿ ಇಬ್ಬರಿಗೂ ನಿದ್ದೆಯಿಲ್ಲ, ಇಬ್ಬರೂ ಬಾಯಿ ಬಿಟ್ಟಿಲ್ಲ. ಆ ದಿನ ಉಳಿದ ಹೊತ್ತೆಲ್ಲ ಅವರಿಬ್ಬರೇ ಮಾತಾಡಿಕೊಂಡರು. ನಾನು ಸುಮ್ಮನೆ ಕೇಳಿದೆ.

ಹೆದರಿಕೆ ಬಚ್ಚಿಡಬೇಡಿ, ದಿನಾ ಸಂಜೆ ಸ್ವಲ್ಪ ಹೊತ್ತು ಹೇಳಿಕೊಳ್ಳಿ ಎಂದೆ. ಹೃದ್ರೋಗ ತಜ್ಞರನ್ನು ಕೇಳಿ ಅವರು ಹೇಳಿದಷ್ಟು ನಡೆಯಿರಿ, ಆಮೇಲೆ ಮೆಟ್ಟಿಲು ಹತ್ತಿ ಎಂದೂ ಹೇಳಿದೆ. ಮಗ ಫೋನ್ ಮಾಡಿ ರೇಗಿದ: "ಹಾರ್ಟ್ ಪೇಶೆಂಟಿಗೆ ಮೆಟ್ಟಿಲಾ, ಮೇಡಮ್?"

ಹೌದು, ಮೆಟ್ಟಿಲೇ. ಕೂತಷ್ಟೂ ಮೈಯ ಶಕ್ತಿ ಕುಗ್ಗುತ್ತದೆ. ನಾಲ್ಕು ಹೆಜ್ಜೆಗೇ ಎದೆ ಬಡಿದುಕೊಳ್ಳುತ್ತದೆ. ಅದನ್ನೇ ಇನ್ನೊಂದು ಅಟ್ಯಾಕ್ ಅಂದುಕೊಂಡು ಮತ್ತೆ ಕೂರುತ್ತಾರೆ. ಮನೆಯವರು ಪ್ರೀತಿಯಿಂದಲೇ ಹೀಗೆ ಕೂರಿಸುತ್ತಾರೆ, ಅಲ್ವಾ? ತಜ್ಞರ ಕಣ್ಣೆದುರು ವ್ಯಾಯಾಮ ಮಾಡಿಸುವ ಕಾರ್ಡಿಯಾಕ್ ರಿಹ್ಯಾಬ್ ಹೃದ್ರೋಗದಿಂದ ಸಾಯುವ ಅಪಾಯವನ್ನೇ ಕಡಿಮೆ ಮಾಡುತ್ತದೆ.

ಅವರನ್ನು ಮನೋವೈದ್ಯರ ಬಳಿಗೂ ಕಳಿಸಿದೆ. ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಇಂಥ ರೋಗಿಗಳ ಮಟ್ಟಿಗೆ ಖಿನ್ನತೆಯನ್ನೂ ಅಪಾಯದ ಅಂಶವೆಂದೇ ಎಣಿಸಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲೇ ಹೇಳಿದೆ. ಹಾಗಿರುವಾಗ ಬರೀ ಬಿಪಿ, ಕೊಲೆಸ್ಟ್ರಾಲ್ ನೋಡಿ ಕಳಿಸುವುದು ನನಗೆ ಒಪ್ಪಿಗೆಯಿಲ್ಲ.

ಆದರೆ ಎದೆನೋವು ಬಂದರೆ ಅದು ಗಾಬರಿಯೇ ಇರಬೇಕು ಎಂದು ಮನೆಯಲ್ಲಿ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮನಸ್ಸು ಕುಗ್ಗಿದಾಗ ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.