ಐ7-4770 ಸಾಕಾ, ಹಳೇ ಝಿಯಾನ್ ಹಾಕಬೇಕಾ?

ದಾವಣಗೆರೆಯಲ್ಲಿ ಫ್ಲೆಕ್ಸ್ ಡಿಸೈನು, ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೀರಿ, ಕಂಪ್ಯೂಟರಿನಲ್ಲಿ ಈಗಿರುವ ಇಂಟೆಲ್ ಪ್ರೊಸೆಸರ್ ಐ7-4770 ಬಿಟ್ಟು ಸೆಕೆಂಡ್ ಹ್ಯಾಂಡ್ ಸರ್ವರ್ ಪ್ರೊಸೆಸರ್ ಝಿಯಾನ್ ಇ5-2670 ಹಾಕಲಾ ಅಂತ ಕೇಳಿದ್ದೀರಿ. ಬೇಡ.

ಕೋರ್ (ಪ್ರೊಸೆಸರ್ ಒಳಗಿನ ಕೆಲಸ ಮಾಡುವ ಘಟಕ) ಲೆಕ್ಕ ನೋಡಿದರೆ ಆಸೆಯಾಗುತ್ತದೆ, ನಿಜ. ಝಿಯಾನ್‌ನಲ್ಲಿ 8 ಕೋರ್, 16 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳು). ನಿಮ್ಮದರಲ್ಲಿ 4 ಮತ್ತು 8. ಆದರೆ ಝಿಯಾನ್ 2012ರದು, ಟರ್ಬೋದಲ್ಲೂ (ಗರಿಷ್ಠ ವೇಗದಲ್ಲೂ) 3.3 ಗಿಗಾಹರ್ಟ್ಸ್ ದಾಟುವುದಿಲ್ಲ, ನಿಮ್ಮದು 2013ರದು, 3.9ರವರೆಗೆ ಹೋಗುತ್ತದೆ, ಒಂದೊಂದು ಕೋರ್ ಕೂಡ ಜಾಸ್ತಿ ಚುರುಕು. ಕೋರೆಲ್‌ಡ್ರಾ, ಫೋಟೋಶಾಪ್‌ನ ದಿನನಿತ್ಯದ ಕೆಲಸಕ್ಕೆ ಬೇಕಾಗಿರುವುದು ಅದೇ ಅಲ್ವಾ?

ಇನ್ನೊಂದು, ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟೇ ಬೇರೆ. ನಿಮ್ಮ 1150 ಬೋರ್ಡಿನಲ್ಲಿ ಅದು ಕೂರುವುದಿಲ್ಲ, 2011 ಸಾಕೆಟ್ಟಿನ ಬೋರ್ಡ್ ಹುಡುಕಬೇಕು, ಹಳೇ ಬೋರ್ಡ್ ಕೈಕೊಟ್ಟರೆ ಮತ್ತೆ ಅಲೆದಾಟ. ಝಿಯಾನ್ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಬೇಕೇ ಬೇಕು. ನಿಮ್ಮದರಲ್ಲಿ ವಿಡಿಯೋ ಕೆಲಸಕ್ಕೆಂದೇ ಇರುವ ಕ್ವಿಕ್ ಸಿಂಕ್ ಇದೆ, ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಬಳಸಿಕೊಂಡರೆ ಎಚ್.264 ಮಾದರಿಯ ವಿಡಿಯೋ ಬೇಗ ಹೊರಬರುತ್ತದೆ. ಇದನ್ನು ತುಂಬಾ ಜನ ಮರೆಯುತ್ತಾರೆ. ನಿಮ್ಮ 84 ವ್ಯಾಟಿನ ಪ್ರೊಸೆಸರ್ ಜಾಗದಲ್ಲಿ 115 ವ್ಯಾಟಿನ ಝಿಯಾನ್ ಬಂದರೆ, ಕರೆಂಟ್ ಹೋದಾಗ ಯುಪಿಎಸ್ ಮೇಲೂ ಭಾರ.

ರಾತ್ರಿಯಿಡೀ ತ್ರೀಡಿ ರೆಂಡರ್ ಹಾಕುವವರಿಗೆ, ನಾಲ್ಕೈದು ವರ್ಚುವಲ್ ಮಷಿನ್ (ಒಂದೇ ಕಂಪ್ಯೂಟರಿನೊಳಗೆ ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಯುವ ವ್ಯವಸ್ಥೆ) ಓಡಿಸುವವರಿಗೆ ಝಿಯಾನ್ ಒಳ್ಳೆಯದೇ. ನೀವು ಸುಮ್ನೆ ಆ ದುಡ್ಡಲ್ಲಿ ಒಂದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 16 ಜಿಬಿ ಮಾಡಿಸಿ.