ಉತ್ತರವನ್ನು 1/√2 ಅಂತ ಬಿಟ್ಟರೆ ತಪ್ಪೇ?

ಒಂಬತ್ತನೇ ಕ್ಲಾಸಿನ ನಿಮ್ಮ ಮಗಳು 1/√2 ಅಂತ ಬರೆದಿದ್ದಕ್ಕೆ ಒಂದು ಅಂಕ ಹೋಯಿತು, √2/2 ಅಂತಲೇ ಬರೆಯಬೇಕಾ, ಎರಡೂ ಒಂದೇ ಅಲ್ಲವಾ ಅಂತ ಕೇಳಿದ್ದೀರಿ. ಎರಡೂ ಒಂದೇ ಸಂಖ್ಯೆ, ಅವಳ ಲೆಕ್ಕ ತಪ್ಪಿಲ್ಲ. ಪ್ರಶ್ನೆಯಲ್ಲಿ ‘ಛೇದವನ್ನು ಅಕರಣೀಕರಿಸಿ’, ಅಂದರೆ ಕೆಳಗೆ ಕರಣಿ (√2ರಂಥ, ಪೂರ್ತಿ ಬಿಡಿಸಲಾಗದ ಮೂಲ) ಉಳಿಯದ ಹಾಗೆ ಬರೆಯಿರಿ, ಅಂತ ಇದ್ದಿದ್ದರೆ ಮಾತ್ರ ಅಂಕ ಕಳೆದದ್ದು ನ್ಯಾಯ.

ನಾನು ತೀರ್ಥಹಳ್ಳಿ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ಪಾಠ ಶುರುಮಾಡುವುದೇ ಅಡಿಕೆ ತೋಟದಿಂದ. ನಮ್ಮಲ್ಲಿ ಎರಡೂ ಕಡೆ ಒಂಬತ್ತು ಅಡಿ ಅಂತರ ಬಿಟ್ಟು ಸಸಿ ನೆಡುವವರು ಬಹಳ. ನಾಲ್ಕು ಗೂಟ ಹೊಡೆದು ಮೂಲೆಯಿಂದ ಮೂಲೆಗೆ ಹಗ್ಗ ಎಳೆದರೆ ಎಷ್ಟು ಉದ್ದ? ಪೈಥಾಗೊರಸ್ ಪ್ರಮೇಯದಂತೆ 9ರ ವರ್ಗ 81ಕ್ಕೆ ಇನ್ನೊಂದು 81 ಕೂಡಿಸಿ ವರ್ಗಮೂಲ ತೆಗೆದರೆ √162 ಅಡಿ. ಹಾಗೆ ಬರೆದಿಟ್ಟರೆ ಅದರಲ್ಲಿ ತೋಟ ಕಾಣುವುದಿಲ್ಲ. 162ನ್ನು 81×2 ಅಂತ ಒಡೆದು 81ರ ವರ್ಗಮೂಲವನ್ನು ಹೊರಗೆ ತೆಗೆದರೆ 9√2. ಈಗ ಸಸಿಯ ಅಂತರ ಕಣ್ಣಿಗೆ ಬಿತ್ತು. √2 ಅಂದರೆ ಸುಮಾರು 1.414 ಅಂತ ಬಾಯಲ್ಲಿದ್ದರೆ ಹಗ್ಗ ಹನ್ನೆರಡೂ ಮುಕ್ಕಾಲು ಅಡಿಗೆ ಚೂರು ಕಮ್ಮಿ ಅಂತ ನಿಂತಲ್ಲೇ ಹೇಳಬಹುದು.

ಛೇದದ ವಿಷಯವೂ ಹೀಗೇ. ಕ್ಯಾಲ್ಕುಲೇಟರ್ ಮುಟ್ಟದೆ 1ನ್ನು 1.414ರಿಂದ ಭಾಗಿಸಲು ಮಗಳಿಗೆ ಹೇಳಿ, ಬೆವರು ಬರುತ್ತದೆ. 1.414ನ್ನು 2ರಿಂದ ಭಾಗಿಸಲಿ, ಬಾಯಲ್ಲೇ 0.707.

ನನಗೆ ಇದಕ್ಕಿಂತ ದೊಡ್ಡ ಕಾರಣ ಅನ್ನಿಸುವುದು ಇನ್ನೊಂದಿದೆ. 1/(√5−2) ತಗೊಳ್ಳಿ. √5ನ್ನು ಅಂದಾಜಿಗೆ 2.2 ಅಂತ ಇಟ್ಟರೆ 1/0.2, ಅಂದರೆ 5 ಬರುತ್ತದೆ. ಅದೇ ಅಂಶ, ಛೇದ ಎರಡನ್ನೂ √5+2ರಿಂದ ಗುಣಿಸಿ. ಕೆಳಗೆ 5−4, ಬರೀ 1 ಉಳಿಯುತ್ತದೆ, ಉತ್ತರ √5+2. ಅದೇ 2.2 ಹಾಕಿದರೆ 4.2. ನಿಜವಾದ ಬೆಲೆ ಸುಮಾರು 4.236. ಅಂದಾಜು ಒಂದೇ, ಆದರೆ ಕರಣಿ ಕೆಳಗಿದ್ದಾಗ ಸಣ್ಣ ತಪ್ಪು ಹಿಗ್ಗಿ ಮುಕ್ಕಾಲಿನಷ್ಟು ವ್ಯತ್ಯಾಸ ತಂದಿತು. ಬೋರ್ಡಿನ ಮೇಲೆ ಇದನ್ನು ಮಾಡಿ ತೋರಿಸಿದ ದಿನ ‘ಯಾಕೆ ಸಾರ್’ ಅನ್ನುವ ಪ್ರಶ್ನೆ ನಿಲ್ಲುತ್ತದೆ.

ಇಲ್ಲಿ ಮಕ್ಕಳು ಎಡವುವುದು ಒಂದೇ ಕಡೆ. ಛೇದ √5−2 ಇದ್ದರೆ ಅದರಿಂದಲೇ ಗುಣಿಸಿಬಿಡುತ್ತಾರೆ. ಆಗ ಕೆಳಗೆ 9−4√5 ಬಂದು ಕರಣಿ ಅಲ್ಲೇ ಕೂತಿರುತ್ತದೆ. ನಡುವಿನ ಚಿಹ್ನೆ ಬದಲಾಗಲೇಬೇಕು. ಮಗಳು ಎರಡೂ ರೀತಿ ಒಮ್ಮೆ ಗುಣಿಸಿ ನೋಡಲಿ.