ಅಜ್ಜಿ ತೊಡಿ ಮ್ಯಾಲೋ, ಕಾರ್ ಸೀಟಿನಾಗೋ?

ಪ್ರಶ್ನೆ: ಮಗಳಿಗೆ ಈಗ ಒಂದು ವರ್ಷ, ೧೦ ಕೆಜಿ ಅದಾಳ. ಹುಲಿಗಿಗೋ ಬಳ್ಳಾರಿಗೋ ಕಾರಿನಾಗ ಹೊಂಟ್ವಿ ಅಂದ್ರ ಅತ್ತಿ-ಮಾವ "ಕೂಸಿನ್ನ ಕಟ್ಟಿ ಕುಂದ್ರಸಬ್ಯಾಡ, ನಿನ್ನ ಗಂಡನ್ನ ತೊಡಿ ಮ್ಯಾಲೇ ಬೆಳೆಸೀವಿ" ಅಂತಾರ. ಎದುರು ಮಾತಾಡಿದ್ರ ಮನಸ್ತಾಪ. ಏನ್ ಮಾಡ್ಲಿ? – ಒಬ್ಬ ತಾಯಿ, ಕೊಪ್ಪಳ

ಉತ್ತರ: ತಂಗಿ, ಇದೊಂದು ವಿಷಯದಾಗ ಮಾತ್ರ ಬಗ್ಗಬ್ಯಾಡ್ರಿ. ಹಿರಿಯರ ಪ್ರೀತಿ ದೊಡ್ಡದು ಖರೆ, ಆದ್ರ ಗಂಟೆಗೆ ೫೦ ಕಿ.ಮೀ. ಸ್ಪೀಡಿನಾಗ ಡಿಕ್ಕಿ ಆತಂದ್ರ ೧೦ ಕೆಜಿ ಕೂಸು ಸುಮಾರು ೨೦೦ ಕೆಜಿ ಭಾರದ ಹಂಗ ಮುಂದಕ್ಕ ಚಿಮ್ಮತೈತಿ, ಅದನ್ನ ಯಾರ ಕೈಲೂ ಹಿಡಿಯಾಕ ಆಗಂಗಿಲ್ಲ, ಮತ್ತ ನಮ್ಮ ಹೊಸಪೇಟೆ-ಬಳ್ಳಾರಿ ಹೈವೇದಾಗ ೫೦ರಾಗ ಹೋಗೋರು ಯಾರದಾರ ಹೇಳ್ರಿ! ಈ ವಯಸ್ಸಿಗೆ ಮಕ್ಕಳ ಸೀಟು (ಕಾರಿನ ಸೀಟಿಗೆ ಬಿಗಿಯೋ, ಬೆಲ್ಟ್ ಇರೋ ಸಣ್ಣ ಸೀಟು) ಹಿಂದಕ್ಕ ಮುಖ ಮಾಡಿರಬೇಕು, ಯಾಕಂದ್ರ ಕೂಸಿನ ತಲಿ ಭಾರ, ಕುತ್ತಿಗಿ ಎಳೇದು, ಹೊಡ್ತ ಬಿದ್ರ ಸೀಟಿನ ಬೆನ್ನು ತಡಕೋತೈತಿ. ಏರ್‌ಬ್ಯಾಗ್ ಇರೋ ಮುಂದಿನ ಸೀಟಿನಾಗ ಇದನ್ನ ಇಡಲೇಬಾರ್ದು.

ಮಾತು ನೀವು ತೆಗೀಬ್ಯಾಡ್ರಿ, ನಿಮ್ಮ ಯಜಮಾನ್ರೇ ಹೇಳ್ಲಿ. ಮಗ ಹೇಳಿದ್ದು ಬ್ಯಾರೆ, ಸೊಸಿ ಹೇಳಿದ್ದು ಬ್ಯಾರೆ, ನಮ್ಮ ಕಡೆ ಹಂಗೇ ಅಲ್ರಿ. ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ ೧೪ ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ರ ೧,೦೦೦ ರೂಪಾಯಿ ದಂಡ ಐತಿ ಅಂತನೂ ಹೇಳ್ಲಿ, ಲಸಿಕಿಗೆ ಹೋದಾಗ ಅತ್ತೇರನ್ನ ಕರಕೊಂಡು ಹೋಗಿ ಡಾಕ್ಟರ್ ಬಾಯಿಂದನೇ ಕೇಳಸ್ರಿ. ಕಾರಿನಾಗ ಅತ್ತೇರಿಗೆ ಕೂಸಿನ ಬಾಜೂಕೇ ಜಾಗ ಕೊಡ್ರಿ, ಕೈ ಹಿಡ್ಕೊಂಡು ಹಾಡು ಹೇಳ್ತಾ ಬರ್ಲಿ, ಅವ್ರೂ ಬೆಲ್ಟ್ ಹಾಕ್ಕೊಳ್ಲಿ. ಅತ್ರ ಗಾಡಿ ನಿಲ್ಸಿ ಎತ್ಕೊಳ್ರಿ, ಓಡೋ ಗಾಡಿಯಾಗ ಬಿಚ್ಚಬ್ಯಾಡ್ರಿ.